ಕಾಡಿಗೆ ಮೊದಲು ಬೇಕಿರುವುದು ಕಳೆ ಕೀಳುವ ಕೈ

ಪ್ರಶ್ನೆ: ನಾನು ಯಳಂದೂರು ತಾಲ್ಲೂಕಿನವನು. ನಮ್ಮ ಯುವಕ ಸಂಘದಲ್ಲಿ ಇಪ್ಪತ್ತು ಜನರಿದ್ದೇವೆ. ಹವಾಮಾನ ಬದಲಾವಣೆಯ ವಿಚಾರದಲ್ಲಿ ನಮ್ಮ ಕೈಲಾದದ್ದನ್ನು ಮಾಡೋಣವೆಂದು, ಈ ಜೂನ್‌ನಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಐವತ್ತು ಸಾವಿರ ಬೀಜದುಂಡೆ ಎಸೆದು ಐದು ಸಾವಿರ ಸಸಿ ನೆಡಲು ಹೊರಟಿದ್ದೇವೆ. ಬೆಂಗಳೂರಿನ ಒಂದು ಕಂಪನಿ ಹಣ ಕೊಡಲು ಮುಂದೆ ಬಂದಿದೆ. ಆದರೆ ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಪೋಡಿನ, ಅಂದರೆ ಹಾಡಿಯ, ಹಿರಿಯರೊಬ್ಬರು, "ಸಸಿ ಆಮೇಲೆ, ಮೊದಲು ಲಂಟಾನದ ಕಳೆ ತೆಗೆಸಿ. ತರಗು ಬೆಂಕಿ ಹಾಕುವುದು ನಿಂತ ಮೇಲೆ ಕಾಡು ಹೀಗಾಯಿತು" ಎಂದರು. ಬೆಂಕಿಯಿಂದ ಕಾಡು ಉಳಿಯುತ್ತದೆ ಎಂದರೆ ನಂಬುವುದು ಹೇಗೆ? ನಾವು ಏನು ಮಾಡಿದರೆ ಕಾಡಿಗೂ ಹವಾಮಾನಕ್ಕೂ ನಿಜವಾಗಿ ಒಳ್ಳೆಯದು?

ಉತ್ತರ: ಆ ಹಿರಿಯರು ಹೇಳಿದ್ದು ಸರಿ. ಅವರ ಎರಡು ವಾಕ್ಯಗಳಲ್ಲಿ ಹಲವು ದಶಕಗಳ ಕಾಡಿನ ಚರಿತ್ರೆಯಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಉತ್ಸಾಹವನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಇಪ್ಪತ್ತು ಜನ ಯುವಕರು ಕಾಡಿಗಾಗಿ ಬೆವರು ಹರಿಸಲು ಸಿದ್ಧರಿದ್ದಾರೆ ಎಂಬುದೇ ದೊಡ್ಡ ಸಂಗತಿ. ಆ ಬೆವರು ವ್ಯರ್ಥವಾಗಬಾರದು ಎನ್ನುವ ಕಾಳಜಿಯಿಂದಲೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಮೊದಲು ಕಾಡಿನೊಳಗೆ ನೂರು ಹೆಜ್ಜೆ ನಡೆದು ನೋಡಿ, ಅರಣ್ಯ ಸಿಬ್ಬಂದಿಯ ಜೊತೆಯಲ್ಲೇ ಹೋಗಿ. ತಲೆಯೆತ್ತಿದರೆ ಮತ್ತಿ, ಹೊನ್ನೆ, ದಿಂಡಿಗ, ಬೀಟೆ, ನೆಲ್ಲಿ ಕಾಣುತ್ತವೆ. ತಲೆ ತಗ್ಗಿಸಿದರೆ ಅವುಗಳ ಮರಿಗಳು ಕಾಣಬೇಕಿತ್ತು. ಕಾಣುವುದು ಲಂಟಾನ. ಅಜ್ಜಂದಿರು ಇದ್ದಾರೆ, ಮೊಮ್ಮಕ್ಕಳು ಇಲ್ಲ ಎನ್ನುವಂಥ ಕಾಡು ಅದು. ಪ್ರತಿ ವರ್ಷ ಮರಗಳು ಬೀಜ ಉದುರಿಸುತ್ತಿವೆ, ಲಕ್ಷಗಟ್ಟಲೆ ಉದುರಿಸುತ್ತಿವೆ. ಬೀಜದ ಕೊರತೆ ಆ ಕಾಡಿಗೆ ಎಂದೂ ಇರಲಿಲ್ಲ. ಮೊಳೆತ ಗಿಡಕ್ಕೆ ಬೆಳಕು ಸಿಗುತ್ತಿಲ್ಲ, ಬೇರೂರಲು ಜಾಗ ಸಿಗುತ್ತಿಲ್ಲ. ಹೀಗಿರುವಾಗ ಇನ್ನೂ ಐವತ್ತು ಸಾವಿರ ಬೀಜಗಳನ್ನು ಅದೇ ಪೊದೆಯ ಮೇಲೆ ಎಸೆದರೆ ಅವು ಹೋಗಿ ಕೂರುವುದೆಲ್ಲಿ?

ಲಂಟಾನ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕೆಂದು ತಂದ ಬೇಲಿಗಿಡ ಅದು. ಪಿಕಳಾರದಂಥ ಹಕ್ಕಿಗಳು ಕಪ್ಪು ಹಣ್ಣು ತಿಂದು ಬೀಜವನ್ನು ಊರಿಂದ ಊರಿಗೆ, ಕಾಡಿಂದ ಕಾಡಿಗೆ ಒಯ್ದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಭಾರತದ ಹುಲಿ ನೆಲೆಗಳ ಸುಮಾರು ಶೇ 40ರಷ್ಟನ್ನು ಈ ಒಂದೇ ಗಿಡ ಆವರಿಸಿದೆ. ನಿಮ್ಮ ಬೆಟ್ಟದ ಲೆಕ್ಕ ಇನ್ನೂ ಖಚಿತವಾಗಿದೆ. 1997ರಲ್ಲಿ ಸಂಶೋಧಕರು ಬಿಳಿಗಿರಿರಂಗನ ಬೆಟ್ಟದ ಉದ್ದಗಲಕ್ಕೂ ಸಣ್ಣ ಸಣ್ಣ ತಾಕುಗಳನ್ನು ಗುರುತಿಸಿ ಗಿಡಗಳನ್ನು ಎಣಿಸಿದ್ದರು. 2008ರಲ್ಲಿ ಮತ್ತೆ ಎಣಿಸಿದಾಗ, ಲಂಟಾನ ಹೊಕ್ಕಿದ್ದ ತಾಕುಗಳು ಶೇ 40ರ ಆಸುಪಾಸಿನಿಂದ ಶೇ 80ರ ಆಸುಪಾಸಿಗೆ ಏರಿದ್ದವು. ಹನ್ನೊಂದೇ ವರ್ಷಗಳಲ್ಲಿ, ಅದೂ ಕಟ್ಟುನಿಟ್ಟಾಗಿ ಕಾಯಲಾಗುತ್ತಿದ್ದ ಕಾಡಿನಲ್ಲಿ! ಬೇಲಿ ಹಾಕಿ ಕಾಯ್ದರೆ ಕಾಡು ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆ ನನಗೂ ಒಂದು ಕಾಲದಲ್ಲಿತ್ತು. ಈ ಅಂಕಿಗಳನ್ನು ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಈಗ ಬೆಂಕಿಯ ಮಾತಿಗೆ ಬರುತ್ತೇನೆ. ನಿಮ್ಮನ್ನು ಹೆಚ್ಚು ಕಾಡಿದ್ದು ಅದೇ ಎಂದು ಕಾಣುತ್ತದೆ.

ಬೆಂಕಿಗೆ ಎರಡು ಸ್ವಭಾವಗಳಿವೆ. ಎಲೆ ಉದುರಲು ತೊಡಗುವ ಜನವರಿಯ ಹೊತ್ತಿಗೆ ನೆಲದಲ್ಲಿ ಇನ್ನೂ ತೇವವಿರುತ್ತದೆ, ಬೆಳಗಿನ ಇಬ್ಬನಿ ಇರುತ್ತದೆ. ಆಗ ತರಗೆಲೆಗೆ ಕಿಡಿ ತಾಗಿಸಿದರೆ ಜ್ವಾಲೆ ಮೊಣಕಾಲೆತ್ತರ ದಾಟುವುದಿಲ್ಲ. ಒಣ ಎಲೆ, ಒಣ ಹುಲ್ಲು ಸುಟ್ಟು ಬೆಂಕಿ ತಾನಾಗಿ ನಂದುತ್ತದೆ. ದಪ್ಪ ತೊಗಟೆಯ ಮತ್ತಿ, ಹೊನ್ನೆಗಳಿಗೆ ಅದರಿಂದ ತೊಂದರೆಯಿಲ್ಲ. ಮೊದಲ ಮಳೆಗೆ ಹೊಸ ಹುಲ್ಲು ಚಿಗುರುತ್ತದೆ, ಜಿಂಕೆ, ಕಾಟಿಗಳು ಮೇಯಲು ಬರುತ್ತವೆ. ಆಗ ತಾನೇ ಮೊಳೆತ ಎಳೆಯ ಲಂಟಾನ ಆ ಬೆಂಕಿಯಲ್ಲಿ ಸಾಯುತ್ತದೆ. ಸೋಲಿಗರ ತರಗು ಬೆಂಕಿ ಎಂದರೆ ಇದು. ಎಲ್ಲಿ, ಯಾವಾಗ, ಎಷ್ಟು ವರ್ಷಕ್ಕೊಮ್ಮೆ ಎಂಬುದಕ್ಕೆ ಅವರಲ್ಲಿ ಲೆಕ್ಕವಿತ್ತು.

ಎರಡನೆಯ ಸ್ವಭಾವದ ಬೆಂಕಿ ಮಾರ್ಚ್‌ ಆಸುಪಾಸಿನದು. ನೆಲ ಒಣಗಿ ಬಿರಿದಿರುತ್ತದೆ, ಗಾಳಿ ಜೋರಾಗಿರುತ್ತದೆ. ಆ ಹೊತ್ತಿಗೆ ಆಳೆತ್ತರದ ಒಣ ಲಂಟಾನ ಮರದ ಕೊಂಬೆಯವರೆಗೆ ಹಬ್ಬಿ ನಿಂತಿದ್ದರೆ, ಅದು ಬೆಂಕಿಗೆ ಏಣಿ ಇಟ್ಟಂತೆ. ನೆಲದಲ್ಲಿ ಹರಿಯಬೇಕಿದ್ದ ಜ್ವಾಲೆ ನೆತ್ತಿಗೇರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರ್‌ಗೂ ಹೆಚ್ಚು ಕಾಡು ಕೆಲವೇ ದಿನಗಳಲ್ಲಿ ಸುಟ್ಟಿದ್ದು ನಿಮಗೆ ನೆನಪಿರಬೇಕು. ಒಣಗಿ ನಿಂತ ಲಂಟಾನ ಅಂದು ಆ ಬೆಂಕಿಗೆ ಸೌದೆಯಾಗಿತ್ತು.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ, ಬೇಟೆಗಳೊಂದಿಗೆ ತರಗು ಬೆಂಕಿಯೂ ನಿಂತಿತು. ಸೋಲಿಗರ ಕುಟುಂಬಗಳು ಕಾಡಿನೊಳಗಿನ ಚದುರಿದ ನೆಲೆಗಳನ್ನು ಬಿಟ್ಟು ರಸ್ತೆಯಂಚಿನ ಪೋಡುಗಳಿಗೆ ಬಂದವು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಬಳಿಕ ಜೇನು, ನೆಲ್ಲಿ ಸಂಗ್ರಹಕ್ಕೂ ತಡೆ ಬಿತ್ತು. ಸದುದ್ದೇಶದಿಂದಲೇ ಮಾಡಿದ ಕೆಲಸಗಳಿರಬಹುದು, ಆದರೆ ಪರಿಣಾಮ ನೋಡಿ. ನೆಲ್ಲಿ ಮರದ ಮೇಲೆ ಬೆಳೆದು ಅದರ ಸಾರ ಹೀರುವ ಒಂದು ಬದನಿಕೆಯನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಕಾಯಿ ಕೀಳಲು ಹೋದವರು ಅದನ್ನೂ ಕತ್ತರಿಸಿ ಹಾಕುತ್ತಿದ್ದರು. ಸಂಗ್ರಹ ನಿಂತ ಮೇಲೆ ಉಪ್ಪಿಲು ಕೀಳುವವರಿಲ್ಲ, ಅದು ಹಬ್ಬಿ ನೆಲ್ಲಿ ಮರಗಳೇ ಒಣಗತೊಡಗಿದವು. ಮನುಷ್ಯರನ್ನು ದೂರವಿಟ್ಟರೆ ಮರ ಉಳಿಯುತ್ತದೆ ಎಂದುಕೊಂಡ ಕಡೆ, ಮರವನ್ನು ಸಲಹುತ್ತಿದ್ದ ಕೈಯೇ ದೂರವಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ದುಃಖವಾಗುತ್ತದೆ.

ಹಾಗಾದರೆ ನಾಳೆಯೇ ತರಗು ಬೆಂಕಿ ಹಾಕೋಣವೇ? ಖಂಡಿತ ಬೇಡ. ಇಲ್ಲಿಯೇ ಬಹಳ ಜನ ಎಡವುವುದು. ಲಂಟಾನ ಈಗ ಎಳೆಯ ಮೊಳಕೆಯಾಗಿ ಉಳಿದಿಲ್ಲ, ಪೊದೆಯಾಗಿ ಬಲಿತಿದೆ. ಬಲಿತ ಪೊದೆಯ ಕಾಡಿಗೆ ಹಳೆಯ ಕಾಲದ ತಣ್ಣನೆಯ ಬೆಂಕಿ ಹಾಕಲು ಸಾಧ್ಯವಿಲ್ಲ, ಹಾಕಿದರೆ ಅದು ಎರಡನೆಯ ಬಗೆಯ ಬೆಂಕಿಯಾಗಿ ಬಿಡುತ್ತದೆ. ಮೇಲಾಗಿ ಸುಟ್ಟ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ, ಅದಕ್ಕೆ ಮೊದಲೇ ಸತ್ತಿರುವುದು ಮತ್ತಿಯ ಮರಿ. ಆದ್ದರಿಂದ ಮೊದಲು ಲಂಟಾನ ಕೀಳಬೇಕು, ಹುಲ್ಲು ಮರಳಬೇಕು. ಆಮೇಲೆ ಯಾವ ತಾಕಿನಲ್ಲಿ ಬೆಂಕಿ ಬೇಕು ಎಂಬುದನ್ನು ಸೋಲಿಗರು, ಅರಣ್ಯ ಇಲಾಖೆ ಮತ್ತು ಪರಿಸರ ವಿಜ್ಞಾನಿಗಳು ಒಟ್ಟಿಗೆ ಕುಳಿತು ತೀರ್ಮಾನಿಸಬೇಕು. ಬೇರೆಯವರು ಕಾಡಿನೊಳಗೆ ಕಡ್ಡಿ ಗೀರುವುದು ಅಪರಾಧ, ಆ ಕಾನೂನು ಸರಿಯಾಗಿಯೇ ಇದೆ.

ಕೀಳುವುದಕ್ಕೂ ಒಂದು ಕ್ರಮವಿದೆ. ವರ್ಷಗಳ ಹಿಂದೆ ಒಂದು ಕಡೆ ನಾವು ಯಂತ್ರ ತಂದು ಐದು ಎಕರೆ ಲಂಟಾನವನ್ನು ಬುಡಮೇಲು ಮಾಡಿದೆವು. ಎರಡೇ ದಿನಗಳಲ್ಲಿ ನೆಲ ಬರಿದಾಯಿತು, ಎಲ್ಲರಿಗೂ ಸಂತೋಷ. ಮರುವರ್ಷ ಹೋಗಿ ನೋಡಿದರೆ ಮೊದಲಿಗಿಂತ ದಟ್ಟವಾದ ಲಂಟಾನ. ಯಂತ್ರ ಮಣ್ಣನ್ನು ಕೆದಕಿ, ಅಡಗಿದ್ದ ಬೀಜಗಳಿಗೆ ಬೆಳಕು ಕೊಟ್ಟಿತ್ತು. ಜೊತೆಗೆ ಎಷ್ಟೋ ಬೀಟೆ, ಕಕ್ಕೆಯ ಮರಿಗಳನ್ನೂ ತುಳಿದುಹಾಕಿತ್ತು. ಅಂದಿನಿಂದ ನಾನು ಕೈಕೆಲಸವನ್ನೇ ನಂಬಿದ್ದೇನೆ.

ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನವೊಂದು ಬಹಳ ಕಡೆ ಬಳಕೆಯಲ್ಲಿದೆ. ಲಂಟಾನ ಮತ್ತೆ ಚಿಗುರುವುದು ಕಾಂಡವೂ ಬೇರೂ ಕೂಡುವ ಜಾಗದಿಂದ. ಅದಕ್ಕಿಂತ ಒಂದೆರಡು ಇಂಚು ಕೆಳಗೆ, ಮಣ್ಣಿನೊಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಇಡಿಯಾಗಿ ಎತ್ತಿ ತಲೆಕೆಳಗಾಗಿ ನಿಲ್ಲಿಸಬೇಕು. ಬೇರು ಬಿಸಿಲಿಗೆ ಒಣಗುತ್ತದೆ, ಮಣ್ಣು ಹೆಚ್ಚು ಕದಲುವುದಿಲ್ಲ. ಉದ್ದ ಹಿಡಿಯ ಗುದ್ದಲಿ, ಒಂದು ಕೊಡಲಿ ಇದ್ದರೆ ಸಾಕು. ಮಣ್ಣು ಹದವಾಗಿರುವಾಗ, ಹಣ್ಣು ಕಪ್ಪಾಗುವ ಮೊದಲು ಈ ಕೆಲಸ ಮುಗಿಯಬೇಕು. ಹಣ್ಣು ಬಲಿತ ಮೇಲೆ ಪೊದೆಯನ್ನು ಎಳೆದಾಡಿದರೆ ನೀವೇ ಬೀಜ ಬಿತ್ತಿದಂತಾಗುತ್ತದೆ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದಾಚೆಗೆ. ಕಿತ್ತ ಜಾಗಕ್ಕೆ ಮುಂದಿನ ಮೂರು ವರ್ಷವಾದರೂ ಪ್ರತಿ ಮಳೆಗಾಲದಲ್ಲಿ ಹೋಗಿ, ಹೊಸದಾಗಿ ಮೊಳೆತದ್ದನ್ನು ಕೈಯಲ್ಲೇ ಕೀಳಬೇಕು. ಹಕ್ಕಿ ಕೂರುವ ಮರದ ಕೆಳಗೆ ಮತ್ತು ನೀರು ಹರಿಯುವ ಹಳ್ಳದ ಗುಂಟ ಮೊಳಕೆ ಹೆಚ್ಚು, ಆ ಎರಡು ಕಡೆ ಮೊದಲು ನೋಡಿ. ಬರಿದಾದ ನೆಲದಲ್ಲಿ ಅದೇ ಕಾಡಿನ ಹುಲ್ಲಿನ ಬೀಜ ಚೆಲ್ಲಬೇಕು. ಹುಲ್ಲು ನೆಲ ಹಿಡಿದರೆ ಲಂಟಾನಕ್ಕೆ ಕಾಲೂರಲು ಜಾಗ ಕಡಿಮೆ. ನೆಟ್ಟ ಸಸಿಗಿಂತ, ಪೊದೆಯಡಿ ಉಸಿರುಗಟ್ಟಿ ಉಳಿದಿದ್ದ ನೆಲ್ಲಿ, ಮತ್ತಿ, ದಿಂಡಿಗದ ಮರಿಗಳು ಬೆಳಕು ಕಂಡೊಡನೆ ಏಳುವ ಪರಿ ನೋಡಬೇಕು. ಅವುಗಳಿಗೆ ಕೋಲು ನೆಟ್ಟು ಗುರುತು ಮಾಡಿ, ಸುತ್ತ ಒಂದು ಮಾರು ಕಳೆ ತೆಗೆಯುತ್ತಾ ಬನ್ನಿ. ನಿಮ್ಮ ಐದು ಸಾವಿರ ಸಸಿಗಳು ಅಲ್ಲೇ ಇವೆ, ಯಾವ ನರ್ಸರಿಯಿಂದಲೂ ತರಬೇಕಿಲ್ಲ.

ಕಿತ್ತ ಲಂಟಾನವನ್ನು ಏನು ಮಾಡುವುದು ಎಂದು ಕೇಳುವಿರಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ನೆರವಿನಿಂದ ಅದರ ಕಡ್ಡಿಗಳಲ್ಲಿ ಕುರ್ಚಿ, ಮೇಜು ಹೆಣೆಯುವುದನ್ನು ಕಲಿತಿದ್ದಾರೆ. ತಮಿಳುನಾಡಿನ ಗೂಡಲೂರಿನ ಬುಡಕಟ್ಟು ಕುಶಲಕರ್ಮಿಗಳು ಲಂಟಾನದಲ್ಲೇ ಮಾಡಿದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಇದು ಕೈಗೆ ಕೆಲಸ ಕೊಡುವ, ಅಭಿಮಾನ ಪಡುವ ಸಂಗತಿ. ಆದರೆ ಕುರ್ಚಿ ಮಾರಿ ಕಾಡು ಸ್ವಚ್ಛವಾಗುವಷ್ಟು ಲಂಟಾನ ಕಡಿಮೆಯಿಲ್ಲ. ಕೀಳುವ ಕೂಲಿಗೆ ಪ್ರತ್ಯೇಕ ಹಣ ಬೇಕೇ ಬೇಕು.

ಇನ್ನು ಹವಾಮಾನ. ಕಾಡಿನ ಇಂಗಾಲದ ಬಹುಪಾಲು ಇರುವುದು ದೊಡ್ಡ ಮರಗಳ ಕಾಂಡದಲ್ಲಿ, ಬೇರಿನಲ್ಲಿ ಮತ್ತು ಮಣ್ಣಿನಲ್ಲಿ. ನೂರು ವರ್ಷದ ಒಂದು ಮತ್ತಿ ಮರ ಹಿಡಿದಿಟ್ಟಿರುವ ಇಂಗಾಲವನ್ನು ಪ್ಲಾಸ್ಟಿಕ್ ಚೀಲದ ಸಸಿಗಳು ಹಿಡಿಯಲು ದಶಕಗಳು ಬೇಕು, ಅದೂ ಅವು ಬದುಕಿದರೆ. ಆದ್ದರಿಂದ ಹಳೆಯ ಮರಗಳು ಸುಡದಂತೆ ನೋಡಿಕೊಳ್ಳುವುದೇ ನಿಮ್ಮ ಬೆಟ್ಟದಲ್ಲಿ ಮಾಡಬಹುದಾದ ಅತಿ ದೊಡ್ಡ ಹವಾಮಾನ ಕೆಲಸ. ಮರದ ಬುಡದಿಂದ ಲಂಟಾನ ತೆಗೆಯುವುದು, ಬೇಸಿಗೆಗೆ ಮುಂಚೆ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ತರಗು, ಹುಲ್ಲು ತೆಗೆದ ಪಟ್ಟಿ, ಬಿಡಿಸುವುದು ಇದರೊಳಗೇ ಬರುತ್ತವೆ. ಬೇಸಿಗೆಗಳು ಕಠಿಣವಾಗುತ್ತಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಕೈಕೊಟ್ಟ ವರ್ಷ ಲಂಟಾನ ಒಣ ಸೌದೆಯಾಗುತ್ತದೆ, ಮಳೆ ಹೆಚ್ಚಿದ ವರ್ಷ ಹಬ್ಬುತ್ತದೆ. ಎರಡರಲ್ಲೂ ನಷ್ಟ ಕಾಡಿನದೇ.

ಹುಲ್ಲುಗಾವಲಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಬೆಟ್ಟದ ನೆತ್ತಿಯಲ್ಲಿ, ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ನಿತ್ಯಹಸಿರು ಶೋಲಾ ಕಾಡಿನ ಪಕ್ಕದಲ್ಲೇ ಬೋಳಾಗಿ ಕಾಣುವ ಹುಲ್ಲಿನ ಇಳಿಜಾರುಗಳಿವೆ. ಸಸಿ ನೆಡುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಆ ಜಾಗ ಖಾಲಿಯಲ್ಲ. ಅಲ್ಲಿನ ಹುಲ್ಲು ಸಾವಿರಾರು ವರ್ಷಗಳಿಂದ ಅಲ್ಲಿದೆ, ಅದರ ಇಂಗಾಲ ಮಣ್ಣಿನೊಳಗೆ ಭದ್ರವಾಗಿದೆ, ಮೇಲೆ ಬೆಂಕಿ ಹಾಯ್ದರೂ ಒಳಗಿನದು ಬಹುಮಟ್ಟಿಗೆ ಉಳಿಯುತ್ತದೆ. ಆ ಹುಲ್ಲು ಮಳೆನೀರನ್ನು ಹಿಡಿದು ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ಊಟಿಯ ಹತ್ತಿರ ಗ್ಲೆನ್‌ಮಾರ್ಗನ್ ಎಂಬಲ್ಲಿ ಹುಲ್ಲಿನ ಕಣಿವೆಯೊಂದರ ಒಂದು ಭಾಗಕ್ಕೆ ನೀಲಗಿರಿ ಮರ ನೆಟ್ಟು, ವರ್ಷಗಟ್ಟಲೆ ತೊರೆಯ ನೀರನ್ನು ಅಳೆದರು. ಮೊದಲ ಹತ್ತು ವರ್ಷಗಳಲ್ಲಿ ನೀರು ಸುಮಾರು ಶೇ 16ರಷ್ಟು ಕಡಿಮೆಯಾಯಿತು, ಕಡಿದ ಮರ ಮತ್ತೆ ಚಿಗುರಿದ ಎರಡನೆಯ ಸುತ್ತಿನಲ್ಲಿ ಇನ್ನೂ ಹೆಚ್ಚು. ಸುವರ್ಣಾವತಿ ನದಿಗೆ ನೀರು ಬರುವ ಬೆಟ್ಟಸಾಲಿನ ಕೆಳಗೆ ಬದುಕುವ ನಿಮಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹುಲ್ಲುಗಾವಲಿನಲ್ಲಿ ಒಂದೇ ಒಂದು ಸಸಿಯನ್ನೂ ನೆಡಬೇಡಿ.

ಸಸಿ ನೆಡುವ ಆಸೆಯನ್ನು ಪೂರ್ತಿ ಬಿಡಿ ಎಂದೇನೂ ನಾನು ಹೇಳುತ್ತಿಲ್ಲ. ಕಾಡಿನ ಹೊರಗೆ ಜಾಗ ಬೇಕಾದಷ್ಟಿದೆ: ಕೆರೆ ಏರಿ, ಗೋಮಾಳ, ಹೊಲದ ಬದು, ಶಾಲೆಯ ಅಂಗಳ. ಹೊಂಗೆ, ಬೇವು, ಹುಣಸೆ, ಅತ್ತಿ, ಹಿಪ್ಪೆಗಳು ಅಲ್ಲಿ ಚೆನ್ನಾಗಿ ಬರುತ್ತವೆ. ಸೌದೆಗೂ ಮೇವಿಗೂ ಕಾಡಿನತ್ತ ಹೋಗುವ ಅಗತ್ಯ ಅಷ್ಟು ತಗ್ಗುತ್ತದೆ. ಆದರೆ ಜೂನ್ 5ರ ಪರಿಸರ ದಿನಕ್ಕೇ ನೆಡಬೇಕೆಂಬ ಹಟ ಬೇಡ. ಮಲೆನಾಡಿನವರ ಮುಂಗಾರಿನ ಲೆಕ್ಕ ಚಾಮರಾಜನಗರದ ಬಯಲಿಗೆ ಒಗ್ಗುವುದಿಲ್ಲ. ನಿಮ್ಮಲ್ಲಿ ಮೇ ತಿಂಗಳಲ್ಲಿ ಒಂದು ಹದ ಮಳೆ, ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ ದೊಡ್ಡ ಮಳೆ. ನಡುವಿನ ಜೂನ್‌, ಜುಲೈ ಒಣ ಗಾಳಿಯ ಕಾಲ. ಆಗ ನೆಟ್ಟ ಸಸಿ ಫೋಟೋದಲ್ಲಷ್ಟೇ ಹಸಿರಾಗಿರುತ್ತದೆ. ಆಗಸ್ಟ್ ಕೊನೆಗೆ ಗುಂಡಿ ತೋಡಿ, ಸೆಪ್ಟೆಂಬರ್ ಮಳೆಗೆ ನೆಡಿ.

ಕಾಡಿನ ಹೊರಗಿನ ನೆಲಕ್ಕೆ ಇನ್ನೊಂದು ಮಹತ್ವವೂ ಇದೆ. ಬಿಸಿಲು ಹೆಚ್ಚಿದಂತೆ, ಮಳೆ ಏರುಪೇರಾದಂತೆ ಪ್ರಾಣಿಗಳು ನೀರು, ಮೇವು ಹುಡುಕಿ ದೂರ ಹೋಗಲೇಬೇಕಾಗುತ್ತದೆ. ನಿಮ್ಮ ಬೆಟ್ಟ ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆ. ಒಂದು ಕಡೆ ಮಲೆ ಮಹದೇಶ್ವರ ಬೆಟ್ಟ, ಇನ್ನೊಂದು ಕಡೆ ಸತ್ಯಮಂಗಲ, ಅದರಾಚೆಗೆ ಮುದುಮಲೆ, ಬಂಡೀಪುರ. ಎಡೆಯಾರಹಳ್ಳಿ, ದೊಡ್ಡಸಂಪಿಗೆ ನಡುವಿನ ಆನೆ ದಾರಿಯಲ್ಲಿ ಸುಮಾರು 25 ಎಕರೆ ಖಾಸಗಿ ಜಮೀನನ್ನು ವನ್ಯಜೀವಿ ಸಂಘಟನೆಯವರು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದರು. ಎಕರೆ ಲೆಕ್ಕದಲ್ಲಿ ಸಣ್ಣದು, ಆದರೆ ಆನೆಗೆ ಅದು ಬಾಗಿಲು. ಇಂಥ ದಾರಿಗಳ ಅಕ್ಕಪಕ್ಕದ ಊರುಗಳಲ್ಲಿ ಹೊಸ ಬೇಲಿ, ರೆಸಾರ್ಟ್, ಕಲ್ಲು ಕ್ವಾರಿ ಬಾರದಂತೆ ಗ್ರಾಮಸಭೆಯಲ್ಲಿ ಕುಳಿತು ಮಾತಾಡುವ ಇಪ್ಪತ್ತು ಯುವಕರು, ಐವತ್ತು ಸಾವಿರ ಬೀಜದುಂಡೆಗಿಂತ ಹೆಚ್ಚು ಕೆಲಸ ಮಾಡಬಲ್ಲರು.

ಈಗ ಕಂಪನಿಯ ಹಣ. ಬೇಡವೆನ್ನಬೇಡಿ, ಆದರೆ ಎರಡು ಮಾತು ಮೊದಲೇ ಬರೆಸಿಕೊಳ್ಳಿ. ಒಂದು, ಹಣ ಒಂದೇ ದಿನದ ಕಾರ್ಯಕ್ರಮಕ್ಕಲ್ಲ, ಕನಿಷ್ಠ ನಾಲ್ಕು ವರ್ಷಗಳ ಕೂಲಿಗೆ. ಕಿತ್ತು ಬಿಟ್ಟುಬಂದ ಜಾಗದಲ್ಲಿ ಲಂಟಾನ ಮೊದಲಿಗಿಂತ ಜೋರಾಗಿ ಬರುವುದರಿಂದ, ಅರ್ಧಕ್ಕೆ ನಿಲ್ಲಿಸುವುದಾದರೆ ಶುರು ಮಾಡದಿರುವುದೇ ಮೇಲು. ಎರಡು, ನಿಮ್ಮ ಕೆಲಸವನ್ನು ತೋರಿಸಿ ತನ್ನ ಹೊಗೆಯ ಲೆಕ್ಕ ಚುಕ್ತಾ ಆಯಿತೆಂದು ಆ ಕಂಪನಿ ಹೇಳಿಕೊಳ್ಳಬಾರದು. ಭೂಮಿ ಈಗಾಗಲೇ ಕೈಗಾರಿಕಾ ಯುಗದ ಮೊದಲಿಗಿಂತ ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ. ಕಲ್ಲಿದ್ದಲು, ಪೆಟ್ರೋಲ್ ಸುಡುವುದು ಕಡಿಮೆಯಾಗದೆ ಅದು ನಿಲ್ಲದು. ಬೇರೆಡೆಯ ಹೊಗೆಗೆ ನಮ್ಮ ಬೆಟ್ಟ ಕ್ಷಮಾಪಣೆ ಪತ್ರವಾಗುವುದು ನನಗೆ ಒಪ್ಪಿಗೆಯಿಲ್ಲ.

ಕೆಲಸದ ಯಜಮಾನಿಕೆ ಯಾರದು ಎಂಬುದೂ ಸ್ಪಷ್ಟವಾಗಿರಲಿ. 2011ರ ಜನವರಿಯಲ್ಲಿ ನಿಮ್ಮ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, ಅರಣ್ಯ ಹಕ್ಕು ಕಾಯ್ದೆಯಡಿ ಇಪ್ಪತ್ತೈದು ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಾಡನ್ನು ರಕ್ಷಿಸುವ, ಪುನರುಜ್ಜೀವನಗೊಳಿಸುವ, ನಿರ್ವಹಿಸುವ ಹಕ್ಕು ಆ ಕಾಯ್ದೆಯಲ್ಲಿ ಸೇರಿದೆ. ಹಾಗಾಗಿ ನಿಮ್ಮ ಸಂಘ ಗ್ರಾಮಸಭೆಯ ಹಿಂದೆ ನಿಲ್ಲಬೇಕು. ಯಾವ ತಾಕು ಮೊದಲು ಎಂದು ಸೋಲಿಗರು ತೋರಿಸಲಿ, ಅನುಮತಿಯನ್ನು ಇಲಾಖೆ ಲಿಖಿತವಾಗಿ ಕೊಡಲಿ, ಕೂಲಿ ಪೋಡಿನವರಿಗೆ ಸೇರಲಿ. ನಿಮ್ಮ ಪಾಲಿಗೆ ಉಳಿಯುವುದು ಮೈಮುರಿಯುವ ದುಡಿಮೆ, ಲೆಕ್ಕಪತ್ರ ಮತ್ತು ಎಣಿಕೆ.

ಎಣಿಕೆಯನ್ನು ಕಡೆಗಣಿಸಬೇಡಿ. ಮೊದಲ ವರ್ಷ ಎರಡೇ ಎರಡು ಎಕರೆ ತೆಗೆದುಕೊಳ್ಳಿ, ಹಳ್ಳದ ಪಕ್ಕದ್ದಾದರೆ ಒಳ್ಳೆಯದು. ಕೀಳುವ ಮೊದಲು ಹತ್ತು ಅಡಿ ಚೌಕದ ಇಪ್ಪತ್ತು ತಾಕುಗಳಿಗೆ ಗೂಟ ಹೊಡೆದು ಒಳಗೆ ಏನೇನಿದೆ ಬರೆದಿಡಿ: ಲಂಟಾನದ ಬುಡ ಎಷ್ಟು, ಮರದ ಮರಿ ಎಷ್ಟು, ಯಾವ ಜಾತಿ, ಹುಲ್ಲು ಎಷ್ಟು. ಅಷ್ಟೇ ತಾಕುಗಳನ್ನು ಕೀಳದ ಜಾಗದಲ್ಲೂ ಗುರುತಿಸಿ, ಹೋಲಿಸಿ ನೋಡಲು ಬೇಕಾಗುತ್ತದೆ. ಗಿಡಗಳ ಹೆಸರು ಗೊತ್ತಾಗದಿದ್ದರೆ ಆ ಹಿರಿಯರನ್ನು ಕೇಳಿ, ಅವರಿಗೆ ಚಿಗುರು ನೋಡಿಯೇ ಗೊತ್ತಾಗುತ್ತದೆ.

ಹುಲ್ಲಿನ ಬೀಜ ಬಲಿಯುವುದು ನವೆಂಬರ್‌, ಡಿಸೆಂಬರ್ ಹೊತ್ತಿಗೆ. ಈ ವರ್ಷ ಬೀಜದುಂಡೆ ಕಟ್ಟಲು ಇಟ್ಟುಕೊಂಡಿದ್ದ ದಿನಗಳನ್ನು ಅದಕ್ಕೆ ಮೀಸಲಿಡಿ. ಅನುಮತಿ ಪಡೆದು, ಲಂಟಾನ ಹೊಕ್ಕದ ಅಂಚುಗಳಿಂದ ತೆನೆ ಕೊಯ್ದು, ನೆರಳಲ್ಲಿ ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿಡಿ. ಮುಂದಿನ ಮೇ ಮಳೆಗೆ ಚೆಲ್ಲಲು ಅದು ನಿಮ್ಮ ಕೈಯಲ್ಲಿರಬೇಕು.